ಕಾಲು ಕೆಂಪಾಗಿಲ್ಲ ಅಂತ ಸುಮ್ನಿದ್ದೆ, ಆಸ್ಪತ್ರೆ ಸೇರಬೇಕಾಯ್ತು

ಒಂದು ಕಾಲು ಊದಿಕೊಂಡು ಜೊತೆಗೆ ಜ್ವರವೂ ಬಂದರೆ ದಯವಿಟ್ಟು ಮುಲಾಮು ಹಚ್ಚುತ್ತಾ ಮನೆಯಲ್ಲಿ ಕೂರಬೇಡಿ. ನಾನು ಕೂತೆ. ನನಗಾಗಿದ್ದು ಸೆಲ್ಯುಲೈಟಿಸ್, ಅಂದರೆ ಚರ್ಮದ ಆಳಕ್ಕೆ ಇಳಿಯುವ ಬ್ಯಾಕ್ಟೀರಿಯಾ ಸೋಂಕು. 4 ದಿನ ಹಾಗೇ ಕಳೆದೆ, ಆಮೇಲೆ 5 ದಿನ ಆಸ್ಪತ್ರೆಯಲ್ಲಿ ಮಲಗಿದೆ.

ಶುರುವಾಗಿದ್ದು ಚಳಿಯಿಂದ. ಸಂಜೆ ಇದ್ದಕ್ಕಿದ್ದಂತೆ ಹಲ್ಲು ಕಟಕಟ ಅನ್ನುವಷ್ಟು ನಡುಕ. ಎರಡು ಹೊದಿಕೆ ಹೊದ್ದರೂ ನಿಲ್ಲಲಿಲ್ಲ. ವೈರಲ್ ಜ್ವರ ಇರಬೇಕು ಅಂದುಕೊಂಡು ಪ್ಯಾರಾಸಿಟಮಾಲ್ ನುಂಗಿ ಮಲಗಿದೆ. ಕಾಲಿನ ಕಡೆ ನೋಡಲೂ ಇಲ್ಲ. ಕೆಲವರಿಗೆ ಚರ್ಮದ ಮೇಲೆ ಏನೂ ಕಾಣುವ ಮೊದಲೇ ಚಳಿಜ್ವರ ಬರುತ್ತದಂತೆ. ಇದು ಗೊತ್ತಾಗಿದ್ದು ಆಮೇಲೆ.

ಬೆಳಿಗ್ಗೆ ಎದ್ದರೆ ಎಡಗಾಲು ಭಾರ. ಪಾದದ ಗಂಟಿನ ಮೇಲೆ ಅಂಗೈಯಗಲ ಜಾಗ ಬಿಗಿದುಕೊಂಡು ಹೊಳೆಯುತ್ತಿತ್ತು. ಸೋಂಕಾದರೆ ಕೆಂಪಾಗಬೇಕು ಅಲ್ವಾ ಅನ್ನೋದು ನನ್ನ ಲೆಕ್ಕ. ನನ್ನದು ಕಪ್ಪು ಮೈಬಣ್ಣ, ಅದರ ಮೇಲೆ ಕೆಂಪು ಎಲ್ಲಿಂದ ಕಾಣಬೇಕು? ಆ ಜಾಗ ಸುತ್ತಲಿನ ಚರ್ಮಕ್ಕಿಂತ ಸ್ವಲ್ಪ ಗಾಢವಾಗಿ, ನೇರಳೆ ಛಾಯೆಯಲ್ಲಿತ್ತು, ಅಷ್ಟೇ. ಉಳುಕಿರಬೇಕು ಅಂತ ನೋವಿನ ಮುಲಾಮು ಹಚ್ಚಿ ಚೆನ್ನಾಗಿ ತಿಕ್ಕಿದೆ. ನೋವು ಇನ್ನೂ ಜಾಸ್ತಿಯಾಯಿತು.

ಮರುದಿನ ಮೆಡಿಕಲ್ ಶಾಪಿಗೆ ಹೋದೆ. ಅಲ್ಲಿದ್ದವರು ಕಾಲು ನೋಡದೆ ಒಂದು ಟ್ಯೂಬ್ ಕೊಟ್ಟರು, ನಾನೂ ಏನೂ ಕೇಳದೆ ತಂದೆ. ಅದರಲ್ಲಿ ಸ್ಟೀರಾಯ್ಡ್ ಇತ್ತು. ಆ ರಾತ್ರಿ ಉರಿ ಇಳಿದಂತೆ ಅನಿಸಿ ಖುಷಿಯಾಯಿತು. ಸ್ಟೀರಾಯ್ಡ್ ಕ್ರೀಮು ಉರಿಯೂತವನ್ನು ಮುಚ್ಚಿಡುತ್ತದೆ, ಬ್ಯಾಕ್ಟೀರಿಯಾವನ್ನು ಕೊಲ್ಲುವುದಿಲ್ಲ. ಸಾಲದ್ದಕ್ಕೆ ಡ್ರಾಯರಿನಲ್ಲಿ ಯಾವಾಗಲೋ ಉಳಿದಿದ್ದ 3 ಆ್ಯಂಟಿಬಯಾಟಿಕ್ ಮಾತ್ರೆ ಇದ್ದವು. ಅವನ್ನೂ ನುಂಗಿದೆ! ಯಾವ ಕಾಯಿಲೆಗೆ ಬರೆದುಕೊಟ್ಟಿದ್ದು ಅನ್ನೋದೂ ನೆನಪಿರಲಿಲ್ಲ.

ನಾಲ್ಕನೇ ದಿನಕ್ಕೆ ಊತ ಮೊಣಕಾಲಿನ ಹತ್ತಿರ ಬಂದಿತ್ತು. ತೊಡೆಸಂದಿಯಲ್ಲಿ ಮುಟ್ಟಿದರೆ ನೋಯುವ ಗಂಟು. ಆಗ ಡಾಕ್ಟರ ಹತ್ತಿರ ಓಡಿದೆ.

ಅವರು ಬಣ್ಣದ ಬಗ್ಗೆ ತಲೆಯನ್ನೇ ಕೆಡಿಸಿಕೊಳ್ಳಲಿಲ್ಲ. ಅಂಗೈ ತಿರುಗಿಸಿ, ಕೈಯ ಹಿಂಬದಿಯನ್ನು ಮೊದಲು ಬಲಗಾಲಿಗೆ, ಆಮೇಲೆ ಎಡಗಾಲಿಗೆ ಇಟ್ಟರು. "ನೀವೂ ಮುಟ್ಟಿ ನೋಡಿ" ಅಂದರು. ಮುಟ್ಟಿದೆ. ಒಲೆಯಿಂದ ಇಳಿಸಿ ಸ್ವಲ್ಪ ಹೊತ್ತಾದ ಪಾತ್ರೆಯ ಹಾಗೆ ಬೆಚ್ಚಗಿತ್ತು ಎಡಗಾಲು. 4 ದಿನದಲ್ಲಿ ಎಷ್ಟೋ ಸಲ ಆ ಕಾಲು ತಿಕ್ಕಿದ್ದೇನೆ, ಎರಡನ್ನೂ ಮುಟ್ಟಿ ಹೋಲಿಸಿ ನೋಡಬೇಕು ಅಂತ ಒಮ್ಮೆಯೂ ಹೊಳೆದಿರಲಿಲ್ಲ.

ಆಮೇಲೆ ಕಾಲ್ಬೆರಳುಗಳನ್ನು ಒಂದೊಂದಾಗಿ ಬಿಡಿಸಿದರು. ಕಿರುಬೆರಳ ಸಂದಿಯಲ್ಲಿ ಚರ್ಮ ನೆನೆದ ಕಾಗದದ ಹಾಗೆ ಬೆಳ್ಳಗಾಗಿ, ನಡುವೆ ಸಣ್ಣ ಬಿರುಕು. "ಒಳಗೆ ಬಂದಿದ್ದು ಇಲ್ಲಿಂದ" ಅಂದರು. ಫಂಗಸ್‌ನಿಂದ ಬಿರಿದ ಚರ್ಮ ಅದು. ತಿಂಗಳುಗಟ್ಟಲೆ ತುರಿಸುತ್ತಿತ್ತು, ನಾನು ಕ್ಯಾರೇ ಅಂದಿರಲಿಲ್ಲ. ಸೆಲ್ಯುಲೈಟಿಸ್ ಅನ್ನೋ ಹೆಸರು ಗೊತ್ತಾಗಿದ್ದೂ ಆಗಲೇ. ಸಾಮಾನ್ಯವಾಗಿ ಸ್ಟ್ರೆಪ್ಟೊಕಾಕಸ್, ಕೆಲವೊಮ್ಮೆ ಸ್ಟ್ಯಾಫಿಲೊಕಾಕಸ್ ಅನ್ನುವ ಬ್ಯಾಕ್ಟೀರಿಯಾ ಇಂಥ ಬಿರುಕು, ಗಾಯ, ಹುಳ ಕಚ್ಚಿದ ಜಾಗದಿಂದ ಚರ್ಮದ ಆಳಕ್ಕೆ ಇಳಿಯುತ್ತದೆ. ಸಕ್ಕರೆ ಕಾಯಿಲೆ ಇದ್ದವರಿಗೆ ಅಪಾಯ ಜಾಸ್ತಿ, ಅದಕ್ಕೇ ನನ್ನ ಶುಗರ್ ಕೂಡ ನೋಡಿದರು.

ಊದಿದ ಕಾಲೆಲ್ಲ ಸೆಲ್ಯುಲೈಟಿಸ್ ಅಲ್ಲ. ಎರಡೂ ಕಾಲು ಒಟ್ಟಿಗೆ ಕೆಂಪಾಗಿ ಊದಿದ್ದರೆ ಬಹಳ ಸಲ ಕಾರಣ ಬೇರೆ ಇರುತ್ತದೆ, ರಕ್ತನಾಳದ ತೊಂದರೆಯ ಹಾಗೆ. ಮೀನಖಂಡ ಊದಿ ನೋಯುತ್ತಿದ್ದರೆ ಒಳಗೆ ರಕ್ತ ಹೆಪ್ಪುಗಟ್ಟಿರಲೂಬಹುದು, ಅದಕ್ಕೆ ಸ್ಕ್ಯಾನ್ ಬೇಕು. ಕೀವು ತುಂಬಿದ ಗಡ್ಡೆಯಾದರೆ ಕೊಯ್ದು ಕೀವು ತೆಗೆಯಬೇಕಾಗುತ್ತದೆ. ಅದನ್ನು ನೀವೇ ಹಿಸುಕಬೇಡಿ.

ನರ್ಸ್ ಊತದ ಅಂಚಿನಗುಂಟ ಪೆನ್ನಿನಲ್ಲಿ ಗೆರೆ ಎಳೆದು ಪಕ್ಕದಲ್ಲಿ ಗಂಟೆ ಬರೆದರು. ನಂಗೆ ತುಂಬಾ ಇಷ್ಟವಾದ ಉಪಾಯ ಇದು. ಮರುದಿನ ಊತ ಗೆರೆಯನ್ನು ಒಂದು ಬೆರಳಷ್ಟು ದಾಟಿತ್ತು, ನಾನು ಗಾಬರಿಬಿದ್ದೆ. ಆ್ಯಂಟಿಬಯಾಟಿಕ್ ಶುರುವಾದ ಮೊದಲ ಒಂದೆರಡು ದಿನ ಸ್ವಲ್ಪ ಹರಡುವುದುಂಟು, ಜ್ವರ ಇಳಿಯುತ್ತಿದೆಯಲ್ಲ ಅಂತ ಡಾಕ್ಟರು ಸಮಾಧಾನ ಹೇಳಿದರು. ಮೂರನೇ ದಿನ ಅಂಚು ಗೆರೆಯಿಂದ ಒಳಗೆ ಸರಿಯಿತು. ಅಷ್ಟೂ ದಿನ ಕಾಲು ದಿಂಬಿನ ಮೇಲೆ, ಎದೆಗಿಂತ ಎತ್ತರದಲ್ಲಿ. ಹಾಗಿಟ್ಟರೆ ಊತ ಬೇಗ ಇಳಿಯುತ್ತದೆ.

ನನಗೆ ಆ್ಯಂಟಿಬಯಾಟಿಕ್ ಡ್ರಿಪ್‌ನಲ್ಲಿ ಕೊಟ್ಟರು, ಎಲ್ಲರಿಗೂ ಅದು ಬೇಕಾಗುವುದಿಲ್ಲ. ಬೇಗ ಹೋದರೆ ಹೆಚ್ಚಿನವರಿಗೆ ಮನೆಯಲ್ಲೇ ನುಂಗುವ ಮಾತ್ರೆ ಸಾಕು. ಆದರೆ ನೋಡಲು ಅಷ್ಟೇನೂ ಇಲ್ಲದಿದ್ದರೂ ತಡೆಯಲಾಗದ ನೋವು, ಚರ್ಮ ಕಪ್ಪಾಗುವುದು, ಗುಳ್ಳೆ ಏಳುವುದು, ಗಂಟೆಗಂಟೆಗೂ ಹರಡುವುದು, ಮಾತು ತಡವರಿಸುವುದು, ಏದುಸಿರು: ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಅಂತ ಕಾಯಬೇಡಿ. ಕಣ್ಣಿನ ಸುತ್ತ ಊದಿದರೂ ಅಷ್ಟೇ. ಮಧ್ಯರಾತ್ರಿಯಾದರೂ ಎಮರ್ಜೆನ್ಸಿಗೆ ಹೋಗಿ.

ಮನೆಗೆ ಬಂದ ಮೇಲೆ ಚರ್ಮ ಈರುಳ್ಳಿ ಸಿಪ್ಪೆಯ ಹಾಗೆ ಸುಲಿಯಿತು. ವಾರಗಟ್ಟಲೆ ಸಂಜೆಯಾದರೆ ಪಾದ ಊದುತ್ತಿತ್ತು. ಒಮ್ಮೆ ಬಂದವರಿಗೆ ಇದು ಮತ್ತೆ ಬರುವ ಸಾಧ್ಯತೆ ಜಾಸ್ತಿ. ಹಾಗಾಗಿ ಕೊಟ್ಟ ಮಾತ್ರೆಗಳನ್ನು ಹೇಳಿದಷ್ಟು ದಿನ ಮುಗಿಸಿದೆ, ಫಂಗಸ್‌ಗೆ ಬೇರೆ ಕ್ರೀಮು ಹಚ್ಚಿದೆ. ಈಗ ಸ್ನಾನ ಆದಮೇಲೆ ಬೆರಳ ಸಂದಿ ಒಂದೊಂದನ್ನೂ ಒರೆಸುತ್ತೇನೆ. ಕಿರುಬೆರಳ ಸಂದಿಯನ್ನು ಎರಡು ಸಲ.