ಎಸ್‌ಎಸ್‌ಎಸ್‌ಡಿ: ಒಂದು ಕಾಫಿ ಸೀಸನ್, ಒಂದು ಮಳೆಗಾಲ ಬಳಸಿದ ಮೇಲೆ

ವಿರಾಜಪೇಟೆ ಹತ್ತಿರದ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಲಿನಕ್ಸ್ ಸರ್ವರ್ ನೋಡಿಕೊಳ್ಳುವುದು ನನ್ನ ಕೆಲಸ. ಲಾಗಿನ್ ಎಲ್ಲಾ ಕರ್ಬರೋಸ್ ಮೂಲಕ, ಅಂದರೆ ಪ್ರತಿ ಸಲ ಪಾಸ್‌ವರ್ಡ್ ಕೇಳದೆ ‘ಟಿಕೆಟ್’ ಎಂಬ ಡಿಜಿಟಲ್ ಚೀಟಿ ನೋಡಿ ಒಳಗೆ ಬಿಡುವ ವ್ಯವಸ್ಥೆ. ಒಂದು ಸಲ ಪಾಸ್‌ವರ್ಡ್ ಕೊಟ್ಟರೆ 10 ಗಂಟೆಯ ಟಿಕೆಟ್ ಸಿಗುತ್ತದೆ. ಅದನ್ನು ಪಾಸ್‌ವರ್ಡ್ ಇಲ್ಲದೆ 7 ದಿನದವರೆಗೆ ರಿನ್ಯೂ ಮಾಡಬಹುದು, ಆದರೆ 10 ಗಂಟೆ ಮುಗಿಯುವ ಮೊದಲೇ ಮಾಡಬೇಕು. ಅವಧಿ ಮುಗಿದ ಟಿಕೆಟ್‌ಗೆ ಆ 7 ದಿನ ಬಾಕಿ ಇದ್ದರೂ ಏನೂ ಉಪಯೋಗವಿಲ್ಲ.

ಈಗ ಈ ರಿನ್ಯೂ ಕೆಲಸ ಮಾಡುವುದು ಎಸ್‌ಎಸ್‌ಎಸ್‌ಡಿ, ಲಿನಕ್ಸ್‌ನಲ್ಲಿ ಲಾಗಿನ್ ನೋಡಿಕೊಳ್ಳುವ ಸಾಫ್ಟ್‌ವೇರ್. ಹಿಂದೆ ಇದಕ್ಕೆ ಬೇರೆ ಕಂಪನಿಯ ಒಂದು ಸಾಫ್ಟ್‌ವೇರ್ ಇತ್ತು. ಜನವರಿ, ರೊಬಸ್ಟಾ ಲಾರಿಗಳು ಸಾಲಾಗಿ ನಿಂತಿದ್ದ ದಿನ, ವೇ ಬ್ರಿಡ್ಜ್‌ನಲ್ಲಿ ಕೂತ ಅಕ್ಕನ ಲಾಗಿನ್ ಸಂಜೆ ಹೊತ್ತಿಗೆ ಸತ್ತೇ ಹೋಯಿತು, ಆಮೇಲೆ ಒಬ್ಬೊಬ್ಬರದೇ. ರಾತ್ರಿ ಎಲ್ಲಾ ಹುಡುಕಿದ ಮೇಲೆ ಗೊತ್ತಾಯಿತು: ಒಂದೇ ಒಂದು ಟಿಕೆಟ್ ಕೆಟ್ಟಿತ್ತು. ಅದರಲ್ಲಿ ‘ರಿನ್ಯೂ ಮಾಡಬಹುದು’ ಎಂಬ ಗುರುತು ಇತ್ತು, ಎಲ್ಲಿಯವರೆಗೆ ಎಂಬ ಸಮಯ ಇರಲಿಲ್ಲ. ಕರ್ಬರೋಸ್‌ನ ನಿಯಮ ಹೇಳುವ 2005ರ ದಾಖಲೆ ಆರ್‌ಎಫ್‌ಸಿ 4120ರಲ್ಲಿ ಆ ಸಮಯದ ಜಾಗ ಎಲ್ಲಾ ಟಿಕೆಟ್‌ನಲ್ಲೂ ಇರಲೇಬೇಕು ಎಂದಿಲ್ಲ. ಹಾಗಾಗಿ ಓದುವ ಮೊದಲು ಇದೆಯಾ ಎಂದು ನೋಡಲೇಬೇಕು, ಅಲ್ವಾ? ಆ ಸಾಫ್ಟ್‌ವೇರ್ ನೋಡಲಿಲ್ಲ. ಓದಿತು, ಬಿದ್ದಿತು, ಎದ್ದಿತು, ಮತ್ತೆ ಅದನ್ನೇ ಓದಿ ಬಿದ್ದಿತು. ಒಬ್ಬರ ಕೆಟ್ಟ ಟಿಕೆಟ್‌ಗೆ ಇಡೀ ಆಫೀಸ್ ನಿಲ್ಲಬಾರದು.

ಟಿಕೆಟ್‌ಗಳು ಉಳಿದಿರುವ ಅದೇ ಕ್ಯಾಶ್ ಫೈಲನ್ನು ಟೆಸ್ಟ್ ಯಂತ್ರದಲ್ಲಿಟ್ಟು ಎಸ್‌ಎಸ್‌ಎಸ್‌ಡಿ ಓಡಿಸಿದೆ. ಅದು ಆ ಟಿಕೆಟನ್ನು ಬಿಟ್ಟು ಉಳಿದವನ್ನೆಲ್ಲಾ ರಿನ್ಯೂ ಮಾಡಿತು. ನನಗೆ ಬೇಕಾಗಿದ್ದು ಇಷ್ಟೇ. ಸುಮಾರು ಅರ್ಧ ಅವಧಿ ಕಳೆದ ಕೂಡಲೇ ರಿನ್ಯೂ ಮಾಡುವುದರಿಂದ, ಮಧ್ಯೆ ಸ್ವಲ್ಪ ಹೊತ್ತು ನೆಟ್‌ವರ್ಕ್ ಹೋದರೂ ಸಮಯ ಉಳಿದಿರುತ್ತದೆ. ಜುಲೈ ಮಳೆಯಲ್ಲಿ ಇದರ ಬೆಲೆ ತಿಳಿಯಿತು. ಲೈನ್ ಮೇಲೆ ಮರ ಬಿದ್ದು ಸರ್ವರ್ ಸಿಗದಿದ್ದಾಗಲೂ, ಲಾಗಿನ್ ವಿವರವನ್ನು ಯಂತ್ರದಲ್ಲೇ ಉಳಿಸಿಕೊಳ್ಳುವ ಕ್ಯಾಶ್ ಆನ್ ಮಾಡಿಟ್ಟಿದ್ದರಿಂದ ಲ್ಯಾಪ್‌ಟಾಪ್‌ಗಳಲ್ಲಿ ಲಾಗಿನ್ ಆಯಿತು.

ಕೊರತೆಯೂ ಇದೆ. ಸುಮ್ನೆ ಇನ್‌ಸ್ಟಾಲ್ ಮಾಡಿ ಬಿಟ್ಟರೆ ಅದು ತಾನಾಗಿ ರಿನ್ಯೂ ಮಾಡುವುದಿಲ್ಲ, ‘ಕೆಆರ್‌ಬಿ5_ರಿನ್ಯೂ_ಇಂಟರ್ವಲ್’ ಎಂಬ ಸೆಟ್ಟಿಂಗ್ ನಾವೇ ಹಾಕಬೇಕು, ಟಿಕೆಟ್ ರಿನ್ಯೂ ಆಗುವಂಥದ್ದೇ ಸಿಗಲು ‘ಕೆಆರ್‌ಬಿ5_ರಿನ್ಯೂವಬಲ್_ಲೈಫ್‌ಟೈಮ್’ ಕೂಡ. ಲಾಗ್ ಮಟ್ಟ ಜಾಸ್ತಿ ಮಾಡದಿದ್ದರೆ ಯಾವ ಟಿಕೆಟ್ ಬಿಟ್ಟಿತು ಎಂದು ನನಗೆ ಕಾಣಲೇ ಇಲ್ಲ, ಇದು ನಿಜಕ್ಕೂ ಬೇಸರ. ಇನ್ನೊಂದು, ಕರೆಂಟ್ ಹೋಗಿ ಬಂದಾಗ ಹಳೆ ಡೆಸ್ಕ್‌ಟಾಪ್‌ಗಳ ಗಡಿಯಾರ ತಪ್ಪುತ್ತದೆ. 5 ನಿಮಿಷಕ್ಕಿಂತ ಜಾಸ್ತಿ ವ್ಯತ್ಯಾಸವಾದರೆ ಕರ್ಬರೋಸ್ ಒಪ್ಪುವುದಿಲ್ಲ, ಅದಕ್ಕೆ ಎಸ್‌ಎಸ್‌ಎಸ್‌ಡಿ ಏನೂ ಮಾಡಲಾರದು. ಮದರ್‌ಬೋರ್ಡ್‌ನ ಸಣ್ಣ ಬ್ಯಾಟರಿಗಳನ್ನು ಮೇ ತಿಂಗಳಲ್ಲೇ ಬದಲಾಯಿಸಿಬಿಡಿ.