ಗ್ರೌಸ್ ಸೀಸನ್‌ಗೆ ಹಳೇ ಜೋಡಿ ನಳಿಗೆ ಕೋವಿ: ಪಾರ್ಕರ್, ಎಲ್.ಸಿ. ಸ್ಮಿತ್, ವೆಬ್ಲಿ, ಫಾಕ್ಸ್

ಸೆಪ್ಟೆಂಬರ್ 15ಕ್ಕೆ ಮಿಶಿಗನ್‌ನಲ್ಲಿ ಗ್ರೌಸ್ ಅನ್ನುವ ಕಾಡುಹಕ್ಕಿಯ ಶಿಕಾರಿ ಶುರು. ಹಳೇ ಜೋಡಿ ನಳಿಗೆ ಕೋವಿ ಯಾವುದು ತಗೊಳ್ಳಲಿ ಅಂತ ಇಲ್ಲಿನ ಗೆಳೆಯರು, ಅದರಲ್ಲೂ ನಮ್ಮ ಕೊಡಗಿನ ಕಡೆಯವರು, ಬೇಸಿಗೆಯಿಂದಲೇ ಕೇಳುತ್ತಿರುತ್ತಾರೆ. ಇಲ್ಲಿನ ಗ್ರೇಲಿಂಗ್ ಊರಿನ ಸುತ್ತಲಿನ ಕಾಡಿನಲ್ಲಿ ನಾಲ್ಕು ಬಗೆಯ ಕೋವಿ ಹೊತ್ತು ತಿರುಗಿದ್ದೇನೆ. ಒಂದು ನನ್ನದು, ಉಳಿದವು ಗೆಳೆಯರದ್ದು. ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ: 16 ಬೋರಿನ ಫಾಕ್ಸ್ ಸ್ಟರ್ಲಿಂಗ್‌ವರ್ತ್. (ಬೋರ್ ಅಂದರೆ ನಳಿಗೆಯ ಒಳಗಲದ ಅಳತೆ; ಸಂಖ್ಯೆ ದೊಡ್ಡದಾದಷ್ಟೂ ನಳಿಗೆ ಸಣ್ಣದು.)

ಯಾಕೆ ಅಂತ ತಿಳಿಯಬೇಕಾದರೆ ಆ ಕಾಡು ಹೇಗಿದೆ ಅಂತ ಗೊತ್ತಿರಬೇಕು. ರಫ್ಡ್ ಗ್ರೌಸ್ ಇರುವುದು ದೊಡ್ಡ ಮರಗಳ ತೆರೆದ ಕಾಡಿನಲ್ಲಲ್ಲ. ಆಸ್ಪೆನ್ ಮರ ಕಡಿದ ಮೇಲೆ ಬುಡದಿಂದ ಮತ್ತೆ ಒತ್ತೊತ್ತಾಗಿ ಎದ್ದು ಬರುವ ಎಳೇ ಕಾಡಿನಲ್ಲಿ. ತೋಳಿನ ದಪ್ಪದ ಗಿಡಗಳ ನಡುವೆ ಭುಜ ತೂರಿಸಿಕೊಂಡೇ ನಡೆಯಬೇಕು. ಹಕ್ಕಿ ನಮ್ಮ ಕಾಡುಕೋಳಿಗಿಂತ ಸ್ವಲ್ಪ ಚಿಕ್ಕದು. ಕಾಲ ಬುಡದಿಂದ ಬರ್ರ್ ಅಂತ ಎದ್ದು, ಮರವೊಂದನ್ನು ಅಡ್ಡ ಇಟ್ಟುಕೊಂಡೇ ಹಾರುತ್ತದೆ. ಈಡು ಹೊಡೆಯುವುದೆಲ್ಲ 15ರಿಂದ 25 ಗಜದೊಳಗೆ, ಕಣ್ಣು ಮಿಟುಕಿಸುವಷ್ಟರಲ್ಲಿ. ಇಡೀ ದಿನ ನಡೆದರೂ ಹೊಡೆಯುವ ತೋಟಾ ಬೆರಳೆಣಿಕೆಯಷ್ಟೇ. ಹಾಗಾಗಿ ಕೋವಿ ಹಗುರ ಇರಬೇಕು, ಭುಜಕ್ಕೆ ಏರಿಸಿದ ಕೂಡಲೇ ಕಣ್ಣು ನೋಡಿದ ಕಡೆಗೇ ತಿರುಗಬೇಕು. ಹೆಸರು, ಕೆತ್ತನೆ, ಮರದ ಚೆಂದ ಎಲ್ಲ ಅದಾದ ಮೇಲೆ.

ಪಾರ್ಕರ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಕನೆಕ್ಟಿಕಟ್‌ನ ಮೆರಿಡನ್‌ನಲ್ಲಿ ತಯಾರಾಗುತ್ತಿದ್ದ ಕೋವಿ. 1934ರಲ್ಲಿ ಕಂಪನಿ ರೆಮಿಂಗ್ಟನ್ ಕೈಗೆ ಹೋಯಿತು. ಅದರಲ್ಲಿ ಅಗ್ಗದ ದರ್ಜೆ ಟ್ರೋಜನ್. ಕೆಲಸ ಅಚ್ಚುಕಟ್ಟು, ಕೋವಿ ಮುಚ್ಚುವಾಗ ಬರುವ ಆ ಸದ್ದು ಕೇಳುವುದಕ್ಕೇ ಖುಷಿ. ಆದರೆ ನಾನು ಹೊತ್ತ 16 ಬೋರಿನ ಟ್ರೋಜನ್ ಹತ್ತಿರ ಹತ್ತಿರ 7 ಪೌಂಡ್ ತೂಗುತ್ತಿತ್ತು. ಬಾತುಕೋಳಿಗೆ ಕೂತು ಕಾಯುವವರಿಗೆ ಅದು ಭಾರವಲ್ಲ. ಗ್ರೌಸ್‌ಗೆ ನಡೆಯುವವರಿಗಾದರೆ ಮಧ್ಯಾಹ್ನದ ಹೊತ್ತಿಗೆ ಎಡಗೈ ಸೋತು ನಳಿಗೆ ಕೆಳಗೆ ಬಿದ್ದಿರುತ್ತದೆ, ಹಕ್ಕಿ ಏಳುವುದು ಆಗಲೇ. ಪಾರ್ಕರ್ ಅನ್ನುವ ಹೆಸರಿಗೇ ಒಂದಿಷ್ಟು ದುಡ್ಡು ಹೆಚ್ಚು ಕೊಡಬೇಕು. ಈ ಕಾಡಿಗೆ ಅದು ಬೇಕಿಲ್ಲ ಅಂತ ನನ್ನ ಅಭಿಪ್ರಾಯ.

ಎಲ್.ಸಿ. ಸ್ಮಿತ್ ಕೈಯಲ್ಲಿ ಹಿಡಿದರೆ ಬಿಡಲು ಮನಸ್ಸೇ ಬರುವುದಿಲ್ಲ. ನ್ಯೂಯಾರ್ಕ್ ರಾಜ್ಯದ ಫುಲ್ಟನ್‌ನಲ್ಲಿ ಹಂಟರ್ ಆರ್ಮ್ಸ್ ಕಂಪನಿ ಮಾಡುತ್ತಿತ್ತು. ಅಮೆರಿಕದ ಹೆಸರಾಂತ ಹಳೇ ಕೋವಿಗಳಲ್ಲಿ ಸೈಡ್‌ಲಾಕ್ ಅಂದರೆ ಇದೇ: ಯಂತ್ರವೆಲ್ಲ ಎರಡು ಪಕ್ಕದ ತಗಡುಗಳ ಮೇಲೆ ಕೂತಿರುತ್ತದೆ. ಹಗುರ ಫೆದರ್‌ವೇಟ್ ಫ್ರೇಮಿನ (ಫ್ರೇಮ್ ಅಂದರೆ ನಳಿಗೆ ಕೂರುವ ಕಬ್ಬಿಣದ ಮೈ) 16 ಬೋರ್ ಆದರೆ ತೂಕವೂ ಒಪ್ಪುವಂತಿದೆ, ಹಕ್ಕಿಯ ಹಿಂದೆ ಚೆನ್ನಾಗಿ ತಿರುಗುತ್ತದೆ. ತೊಂದರೆ ಮರದಲ್ಲಿದೆ. ತಗಡು ಕೂರಿಸಲು ಒಳಗೆ ಕೊರೆದು ಕೊರೆದು ಅಲ್ಲಿ ಮರ ತೀರಾ ತೆಳು. ಪ್ರತಿ ಈಡಿಗೂ ಕಬ್ಬಿಣ ಹಿಂದಕ್ಕೆ ಗುದ್ದುತ್ತದೆ. ತಗಡಿನ ಹಿಂತುದಿ ಮರವನ್ನು ಮುಟ್ಟುವ ಜಾಗಕ್ಕೆ ಭೂತಗನ್ನಡಿ ಹಿಡಿದು ನೋಡಿ. ಕೂದಲೆಳೆಯಂಥ ಬಿರುಕು ಮರದ ಗೆರೆಯ ಜೊತೆಗೇ ಓಡಿರುತ್ತದೆ, ಬರಿಗಣ್ಣಿಗೆ ಮರದ ನಾರಿನಂತೆಯೇ ಕಾಣುತ್ತದೆ. ಸುತ್ತ ಮರ ಕಪ್ಪಗಾಗಿದ್ದರೆ ಎಣ್ಣೆ ಕುಡಿದು ಮೆತ್ತಗಾಗಿದೆ ಅಂತಲೇ ಲೆಕ್ಕ. ನಾನು ಬಳಸಿದ ಕೋವಿಯಲ್ಲಿ ಎರಡೂ ಕಡೆ ಬಿರುಕಿತ್ತು, ಮಾರಾಟಕ್ಕೆ ಬಂದು ನನ್ನ ಕಣ್ಣಿಗೆ ಬಿದ್ದ ಬಹುಪಾಲು ಸ್ಮಿತ್‌ಗಳಲ್ಲೂ ಅದೇ ಕಥೆ. ಬಿರುಕಿಲ್ಲದ ಸ್ಮಿತ್ ಸಿಕ್ಕಿದರೆ, ಹಗುರ ತೋಟಾ ಮಾತ್ರ ಹಾಕುತ್ತೇನೆ ಅನ್ನುವವರು ಖಂಡಿತ ತಗೊಳ್ಳಿ.

ಇನ್ನು ವೆಬ್ಲಿ ಆ್ಯಂಡ್ ಸ್ಕಾಟ್. ಕೊಡಗಿನ ಹಳೇ ಮನೆಗಳಲ್ಲಿ ಇಂಗ್ಲಿಷ್ ಹನ್ನೆರಡು ಬೋರ್ ನೋಡಿದವರಿಗೆ ಈ ಹೆಸರು ಹೊಸದಲ್ಲ. ಸೆಪ್ಟೆಂಬರ್ ಮೊದಲ ವಾರದ ಕೈಲ್‌ಪೊಳ್ದ್ ಹಬ್ಬಕ್ಕೆ ಕೋವಿ ಪೂಜೆ ಮಾಡಿ, ತೆಂಗಿನಕಾಯಿಗೆ ಗುರಿಯಿಟ್ಟು ಬೆಳೆದವರಿಗೆ ಇದು ಕೈಗೆ ಬೇಗ ಒಗ್ಗುತ್ತದೆ. ನಾನು ಹೊತ್ತದ್ದು 700 ಮಾದರಿ, 12 ಬೋರ್. ಬರ್ಮಿಂಗ್‌ಹ್ಯಾಮ್‌ನಲ್ಲಿ 1949ರಿಂದ 1979ರವರೆಗೆ ಮಾಡಿದ್ದು. 12 ಬೋರ್ ಆದರೂ ತೂಕ ಆರೂವರೆ ಪೌಂಡ್, ಅಂದರೆ 3 ಕೆ.ಜಿ.ಗೂ ಕಮ್ಮಿ. ಹಿಡಿ ನೇರ ಇರುವುದರಿಂದ ಮುಂದಿನ ಟ್ರಿಗರ್‌ನಿಂದ ಹಿಂದಿನದಕ್ಕೆ ಕೈ ಸಲೀಸಾಗಿ ಜಾರುತ್ತದೆ. ಭುಜಕ್ಕೆ ಬಂದ ಕೂಡಲೇ ಕಣ್ಣು ನಳಿಗೆಯ ಉದ್ದಕ್ಕೂ ಓಡುತ್ತದೆ. ಇಂಗ್ಲಿಷ್ ಕೋವಿಯ ಇನ್ನೊಂದು ಅನುಕೂಲ ಅಂದರೆ ಅದರ ಜಾತಕ ಅದರ ಮೈಮೇಲೇ ಇರುತ್ತದೆ. ನಳಿಗೆ ಬಿಚ್ಚಿ ಬುಡದ ಚಪ್ಪಟೆ ಭಾಗ ನೋಡಿದರೆ ಕಾನೂನುಬದ್ಧ ಪರೀಕ್ಷೆಯ ಮುದ್ರೆ, ತೋಟಾ ಕೋಣೆಯ ಉದ್ದ, ತಡೆಯುವ ಒತ್ತಡ ಎಲ್ಲ ಕೊರೆದಿರುತ್ತಾರೆ. ಅಮೆರಿಕದಲ್ಲಿ ಇಂಥ ಪರೀಕ್ಷಾ ಮನೆ ಇರಲೇ ಇಲ್ಲ, ಹಾಗಾಗಿ ಇಲ್ಲಿನ ಹಳೇ ಕೋವಿಯನ್ನು ನಾವೇ ಅಳೆಸಬೇಕು.

ಹಾಗಿದ್ದೂ ನಾನು ಸ್ಟರ್ಲಿಂಗ್‌ವರ್ತ್‌ಗೆ ಯಾಕೆ ಒಲಿದೆ? ಫಿಲಡೆಲ್ಫಿಯಾದ ಎ.ಎಚ್. ಫಾಕ್ಸ್ ಕಂಪನಿ 1910ರಲ್ಲಿ ಇದನ್ನು ಕಡಿಮೆ ದರದ ಕೋವಿಯಾಗಿ ತಂದಿತು. ಹೂವು, ನಾಯಿ, ಹಕ್ಕಿ ಯಾವ ಕೆತ್ತನೆಯೂ ಇಲ್ಲ. ಒಳಗಿನ ಯಂತ್ರ ಮಾತ್ರ ದುಬಾರಿ ಫಾಕ್ಸ್‌ಗಳದ್ದೇ. ಬಿಡಿಭಾಗ ತೀರಾ ಕಮ್ಮಿ, ಸ್ಪ್ರಿಂಗ್ ಸುರುಳಿಯದು. ವೆಬ್ಲಿಯ ಚಪ್ಪಟೆ ಸ್ಪ್ರಿಂಗ್ ಮುರಿದರೆ ಅದನ್ನು ಮಾಡಿಕೊಡುವ ಕೈ ಹುಡುಕಬೇಕು, ಇದರಲ್ಲಿ ಆ ಚಿಂತೆ ಇಲ್ಲ. 16 ಮತ್ತು 20 ಬೋರ್ ಎರಡಕ್ಕೂ ಒಂದೇ ಸಣ್ಣ ಫ್ರೇಮ್. ಹಾಗಾಗಿ 16 ಬೋರ್ ಸುಮಾರು ಆರೂಕಾಲು ಪೌಂಡಿಗೆ ನಿಲ್ಲುತ್ತದೆ. ಒಂದೇ ಕೈಯಲ್ಲಿ ಕೋವಿಯ ಹೊಟ್ಟೆಯ ಕೆಳಗೆ ಹಿಡಿದು, ಇನ್ನೊಂದು ಕೈಯಲ್ಲಿ ಗಿಡ ಸರಿಸುತ್ತಾ ನಡೆಯುವಾಗ ಆ ಸಣ್ಣ ದುಂಡನೆಯ ಫ್ರೇಮ್ ಅಂಗೈಯಲ್ಲಿ ಕೂತುಬಿಡುತ್ತದೆ. 12 ಬೋರಿನ ವೆಬ್ಲಿ ಅಷ್ಟು ಚೆನ್ನಾಗಿ ಕೂರುವುದಿಲ್ಲ. ನನಗೆ ವ್ಯತ್ಯಾಸ ಕಂಡದ್ದು ಅಲ್ಲಿಯೇ. ಜೊತೆಗೆ 20 ಬೋರ್ ಬೇಕೆನ್ನುವವರೇ ಜಾಸ್ತಿ, ಅದರ ಬೆಲೆ ಏರಿ ಕೂತಿದೆ. 16 ಇನ್ನೂ ಕೈಗೆಟಕುತ್ತದೆ.

1929ರಲ್ಲಿ ಸ್ಯಾವೇಜ್ ಕಂಪನಿ ಫಾಕ್ಸ್ ಕೊಂಡು, ಆಮೇಲೆ ಕೆಲಸವನ್ನು ನ್ಯೂಯಾರ್ಕ್ ರಾಜ್ಯದ ಯುಟಿಕಾಗೆ ಸಾಗಿಸಿತು. ಫಿಲಡೆಲ್ಫಿಯಾದ್ದೇ ಬೇಕು ಅಂತ ಹಟ ಹಿಡಿಯುವವರಿದ್ದಾರೆ. ನೀವು ಊರಿನ ಹೆಸರಿಗಿಂತ ಕೋವಿ ತೆರೆಯುವ ಮೇಲಿನ ಲಿವರ್ ನೋಡಿ. ಕೋವಿ ಮುಚ್ಚಿದಾಗ ಅದು ನಡುಗೆರೆಗಿಂತ ಬಲಕ್ಕೆ ನಿಂತರೆ ಬೀಗ ಇನ್ನೂ ಬಿಗಿ ಇದೆ. ಎಡಕ್ಕೆ ದಾಟಿದ್ದರೆ ಸವೆದಿದೆ. ಆಮೇಲೆ ನಳಿಗೆ ಬಿಚ್ಚಿ ಕೊಕ್ಕೆಯಿಂದ ಬೆರಳಿಗೆ ತೂಗುಹಾಕಿ ಮೆಲ್ಲಗೆ ತಟ್ಟಿ. ಗಂಟೆಯಂತೆ ಮೊಳಗಬೇಕು. ಗರಗರ ಅಂದರೆ ನಡುವಿನ ಪಟ್ಟಿಯ ಬೆಸುಗೆ ಬಿಟ್ಟಿದೆ, ವಾಪಸ್ ಕೊಟ್ಟುಬಿಡಿ.

ಸ್ಟರ್ಲಿಂಗ್‌ವರ್ತ್‌ನ ಕೊರತೆ ಎರಡು. ಒಂದು, ಆ ಕಾಲದವರ ರೂಢಿಯಂತೆ ಹಿಂಭಾಗದ ಮರ ತುಂಬಾ ಇಳಿಜಾರು, ಕೆಲವದರಲ್ಲಿ 3 ಇಂಚಿನಷ್ಟು. ಕಣ್ಣು ಮುಚ್ಚಿ ಕೋವಿ ಏರಿಸಿ, ಕಣ್ಣು ಬಿಟ್ಟು ನೋಡಿ. ನಳಿಗೆಯ ಬದಲು ಲಿವರ್ ಹಿಂಭಾಗ ಕಂಡರೆ ಆ ಕೋವಿ ನಿಮ್ಮದಲ್ಲ. ಎರಡು, ಚೋಕ್, ಅಂದರೆ ನಳಿಗೆಯ ಬಾಯಿ ಕಿರಿದಾಗುವ ಭಾಗ, ಬಿಗಿ. 20 ಗಜಕ್ಕೆ ಫುಲ್ ಚೋಕ್‌ನಲ್ಲಿ ಹೊಡೆದರೆ ಚರೆ ಹರಡುವುದೇ ಇಲ್ಲ. ತಾಗಿದರೆ ಹಕ್ಕಿಯ ಮಾಂಸ ತಿನ್ನುವ ಹಾಗಿರಲ್ಲ. ಚೋಕ್ ಮುಟ್ಟಿದರೆ ಬೆಲೆ ಬೀಳುತ್ತೆ ಅಂತಾರೆ, ನಿಜ. ಆದರೆ ಇದು ಕಾಡಿಗೆ ಒಯ್ಯುವ ಕೋವಿ ಅಲ್ವಾ? ಬಲ ನಳಿಗೆಯ ಚೋಕನ್ನಾದರೂ ತಿಳಿದವರ ಕೈಯಲ್ಲಿ ಅಗಲ ಮಾಡಿಸಿ. ಕೆತ್ತನೆಯ ದುಬಾರಿ ದರ್ಜೆಯದಾದರೆ ಮುಟ್ಟಬೇಡಿ, ಚರೆ ಹರಡುವ ಸ್ಪ್ರೆಡರ್ ತೋಟಾ ಹಾಕಿ.

ತೋಟಾ ವಿಷಯದಲ್ಲಿ ಉದಾಸೀನ ಬೇಡವೇ ಬೇಡ. ಹಳೇ 16 ಬೋರಿನ ತೋಟಾ ಕೋಣೆ ಬಹಳಷ್ಟು ಸಲ 2 9/16 ಇಂಚು. ಈಗಿನ ತೋಟಾ 2 3/4. ಒಳಗೆ ಹಿಡಿಸಿದ ಹಾಗೇ ಕಾಣುತ್ತದೆ, ಆದರೆ ಹೊಡೆದಾಗ ತುದಿ ಬಿಚ್ಚಿಕೊಳ್ಳಲು ಜಾಗ ಸಾಲದೆ ಒತ್ತಡ ಏರುತ್ತದೆ. ಎರಡೂವರೆ ಇಂಚಿನ, ಕಡಿಮೆ ಒತ್ತಡದ ತೋಟಾ ತರಿಸಿ. ಮುಕ್ಕಾಲು ಔನ್ಸಿನಿಂದ ಒಂದು ಔನ್ಸ್‌ವರೆಗೆ ಎಂಟನೇ ನಂಬರ್ ಚರೆ ಧಾರಾಳ ಸಾಕು. ಉಕ್ಕಿನ ಚರೆ ಈ ನಳಿಗೆಗಳಿಗೆ ಹಾಕಲೇಬೇಡಿ. ಸೀಸ ಬೇಡ ಅನ್ನುವವರಿಗೆ ಬಿಸ್ಮತ್ ಲೋಹದ ಚರೆ ಇದೆ.

ಎಚ್1ಬಿಯಂಥ ವೀಸಾದಲ್ಲಿರುವವರು ಇನ್ನೊಂದು ತಿಳಿದಿರಬೇಕು. ಫೆಡರಲ್ ಕಾನೂನಿನಲ್ಲಿ ಅವರು ಕೋವಿ ಇಟ್ಟುಕೊಳ್ಳುವಂತಿಲ್ಲ. ಚಾಲ್ತಿಯಲ್ಲಿರುವ ಶಿಕಾರಿ ಲೈಸೆನ್ಸ್ ಇದ್ದವರಿಗೆ ವಿನಾಯಿತಿ ಉಂಟು. ಗೆಳೆಯರ ಕೋವಿ ಕೈಗೆ ತಗೊಳ್ಳುವ ಮೊದಲೇ ಲೈಸೆನ್ಸ್ ಮಾಡಿಸಿ. 1960ರಿಂದ ಈಚೆಗೆ ಹುಟ್ಟಿದವರಿಗೆ ಮಿಶಿಗನ್‌ನಲ್ಲಿ ಸುರಕ್ಷತಾ ತರಬೇತಿಯೂ ಬೇಕು. ತರಗತಿಗೆ ಈಗಲೇ ಹೆಸರು ಕೊಡಿ, ಆಗಸ್ಟ್‌ವರೆಗೆ ಕಾಯಬೇಡಿ.