ಕುಜ್ನೆಚ್ನಿ ಗಲ್ಲಿಯ ಬಾಡಿಗೆ ಮನೆ: ದಾಸ್ತೊಯೆವ್‌ಸ್ಕಿ ಮ್ಯೂಸಿಯಂ

ಸೇಂಟ್ ಪೀಟರ್ಸ್‌ಬರ್ಗ್‌ನ ಕುಜ್ನೆಚ್ನಿ ಗಲ್ಲಿ, ನಂಬರ್ 5/2. ವ್ಲಾದಿಮಿರ್‌ಸ್ಕಾಯ ಮೆಟ್ರೊದಿಂದ ಎರಡೇ ನಿಮಿಷ. ಬಾಗಿಲು ರಸ್ತೆಗಿಂತ ತಗ್ಗಿನಲ್ಲಿದೆ, ಮೆಟ್ಟಿಲಿಳಿದು ಹೋಗಬೇಕು. ಸೋಮವಾರ ರಜೆ.

ದಾಸ್ತೊಯೆವ್‌ಸ್ಕಿಯ ‘ಅಪರಾಧ ಮತ್ತು ಶಿಕ್ಷೆ’ ಕಾದಂಬರಿಯ ನಾಯಕ ರಸ್ಕೋಲ್ನಿಕೋವ್‌ನ ಉಸಿರುಗಟ್ಟಿಸುವ ಕೋಣೆಯನ್ನು ನಿರೀಕ್ಷಿಸಿ ಬಂದವರಿಗೆ ಇಲ್ಲಿ ನಿರಾಸೆಯಾಗುತ್ತದೆ. ಇದು ಮಕ್ಕಳೊಂದಿಗರ ಸಂಸಾರದ ಮನೆ. 1878ರಲ್ಲಿ ಪುಟ್ಟ ಮಗ ಅಲ್ಯೋಷ ತೀರಿಕೊಂಡ ಮೇಲೆ ಹಳೆಯ ಮನೆಯಲ್ಲಿರಲಾರದೆ ದಾಸ್ತೊಯೆವ್‌ಸ್ಕಿ ದಂಪತಿ ಇಲ್ಲಿಗೆ ಬಂದರು. ‘ಕರಮಜೋವ್ ಸಹೋದರರು’ ಬರೆದದ್ದು ಇಲ್ಲೇ. ಅದರ ನಾಯಕನ ಹೆಸರೂ ಅಲ್ಯೋಷ ಎಂಬುದು ಮಕ್ಕಳ ಕೋಣೆಯ ಹೊಸ್ತಿಲಲ್ಲಿ ನಿಂತಾಗ ಎದೆಗೆ ತಾಕುತ್ತದೆ. 1881ರಲ್ಲಿ ದಾಸ್ತೊಯೆವ್‌ಸ್ಕಿ ಕೊನೆಯುಸಿರೆಳೆದದ್ದೂ ಇದೇ ಮನೆಯಲ್ಲಿ. ಒಂದು ಸಿಗರೇಟು ಡಬ್ಬಿಯ ತಳದಲ್ಲಿ ಮಗಳು ಲ್ಯೂಬ ಬರೆದಿದ್ದಾಳೆ: 1881 ಜನವರಿ 28, ಅಪ್ಪ ಸತ್ತ. ಅದು ಹಳೆಯ ರಷ್ಯನ್ ಪಂಚಾಂಗದ ತಾರೀಕು, ಈಗಿನ ಲೆಕ್ಕಕ್ಕೆ ಫೆಬ್ರುವರಿ 9. ಇಡೀ ಮ್ಯೂಸಿಯಂನಲ್ಲಿ ಒಂದನ್ನೇ ನೋಡಲು ಸಮಯವಿದ್ದರೆ ಇದನ್ನು ನೋಡಿ.

ಕೊರತೆಯೂ ಇದೆ. ಸೋವಿಯತ್ ಕಾಲದಲ್ಲಿ ಈ ಮನೆ ಹಲವು ಕುಟುಂಬಗಳಿಗೆ ಹಂಚಿಹೋಗಿತ್ತು. 1971ರಲ್ಲಿ ಮ್ಯೂಸಿಯಂ ತೆರೆಯುವಾಗ ಹಳೆಯ ದಾಖಲೆ, ನೆನಪುಗಳ ಆಧಾರದ ಮೇಲೆ ಕೋಣೆಗಳನ್ನು ಮತ್ತೆ ಕಟ್ಟಿದರು. ಹಾಗಾಗಿ ಬಹುಪಾಲು ಪೀಠೋಪಕರಣ ಆ ಕಾಲದವು, ಆ ಮನೆಯವಲ್ಲ. ಗಾಜಿನೊಳಗಿರುವ ಟೋಪಿ ದಾಸ್ತೊಯೆವ್‌ಸ್ಕಿಯದೇ. ರಷ್ಯನ್ ಬಾರದವರು ಆಡಿಯೋ ಗೈಡ್ ತೆಗೆದುಕೊಳ್ಳಲೇಬೇಕು, ಇಲ್ಲದಿದ್ದರೆ ಅರ್ಧ ಗಂಟೆಯಲ್ಲಿ ಬರೀ ಮೇಜು ಕುರ್ಚಿ ನೋಡಿ ಹೊರಬರುತ್ತೀರಿ. ಒಂದೂವರೆ ಗಂಟೆ ಇಟ್ಟುಕೊಳ್ಳಿ. ಭಾರತದ ಬ್ಯಾಂಕುಗಳ ವೀಸಾ, ಮಾಸ್ಟರ್‌ಕಾರ್ಡ್ ಕಾರ್ಡುಗಳು 2022ರಿಂದ ರಷ್ಯಾದಲ್ಲಿ ನಡೆಯುವುದಿಲ್ಲ. ರೂಬಲ್ ನಗದು ಜೇಬಿನಲ್ಲಿರಲಿ.

‘ಅಪರಾಧ ಮತ್ತು ಶಿಕ್ಷೆ’ಯ ಊರು ಬೇಕಿದ್ದರೆ ವ್ಲಾದಿಮಿರ್‌ಸ್ಕಾಯಕ್ಕೆ ಕೂಡಿಕೊಂಡಿರುವ ದಾಸ್ತೊಯೆವ್‌ಸ್ಕಾಯ ಮೆಟ್ರೊ ನಿಲ್ದಾಣದಿಂದ ಒಂದೇ ಸ್ಟಾಪ್, ಸ್ಪಾಸ್ಕಾಯ. ಮೇಲೆ ಬಂದರೆ ಸೆನ್ನಾಯ ಚೌಕ. ಕಾದಂಬರಿಯ ಮೊದಲ ವಾಕ್ಯದಲ್ಲಿ ‘ಎಸ್ ಗಲ್ಲಿ’, ‘ಕೆ ಸೇತುವೆ’ ಎಂದಷ್ಟೇ ಇದೆ. ಅವೇ ಸ್ತೊಲ್ಯಾರ್ನಿ ಗಲ್ಲಿ ಮತ್ತು ಕೊಕುಷ್ಕಿನ್ ಸೇತುವೆ. ರಸ್ಕೋಲ್ನಿಕೋವ್‌ನ ಮನೆಯೆಂದು ತೋರಿಸುವುದು ಗ್ರಾಜ್ದಾನ್‌ಸ್ಕಾಯ 19, ಮೂಲೆಯಲ್ಲಿ ಶಿಲ್ಪವಿದೆ. ಅವನು ಕೊಲ್ಲುವ ಗಿರವಿ ಮುದುಕಿಯದು ಗ್ರಿಬೊಯೆದೊವ್ ಕಾಲುವೆ 104. ಎರಡೂ ಜನ ವಾಸಿಸುವ ಮನೆಗಳು, ಗೇಟಿಗೆ ಬೀಗವಿರುತ್ತದೆ. ಯಾರದೋ ಹಿಂದೆ ನುಸುಳಿ ಒಳಗೆ ಹೋಗಬೇಡಿ. ಸೇತುವೆಯ ಮೇಲೆ ನಿಂತು ಕಾಲುವೆ ಬಾಗುವ ಕಡೆ ನೋಡಿ, ಜುಲೈ ಸಂಜೆಯಾದರೆ ಇನ್ನೂ ಒಳ್ಳೆಯದು; ಕಾದಂಬರಿ ಶುರುವಾಗುವುದು ಅದೇ ಸೆಕೆಯಲ್ಲಿ.